ಬಳೆ ತೊಡಿಸಿದ ಕೈ

ಬಟ್ಟಲಲ್ಲಿ ಕದಡಿದ ಸೋಪಿನ ನೊರೆಯ ವಾಸನೆ… ಮೊನ್ನೆ ವಿದ್ಯಾನಗರದಲ್ಲಿ, ನಮ್ಮ ಬೀದಿಯ ಡಾಕ್ಟರ ಸೊಸೆಯ ಸೀಮಂತದಲ್ಲಿ ಮೂಗಿಗೆ ಬಡಿಯಿತು. ಬಿಗಿ ಬಳೆ ಜಾರಲೆಂದು ಕೈಗೆ ನೊರೆ ಹಚ್ಚುತ್ತಾರೆ. ಹಚ್ಚುತ್ತಿದ್ದವಳು ಹೊಸಬಳು. ನನಗೆ ನೆನಪಾದದ್ದು ಹರಿಹರದ ಬಳೆಗಾರಮ್ಮ.

ಅವರು ಬಸ್ಸಿಳಿದು ಬಳೆಪೆಟ್ಟಿಗೆ ಹೊತ್ತು ಬರುತ್ತಿದ್ದರು. ಬುರ್ಖಾದ ತೋಳು ಮಡಚಿ, ನಮ್ಮ ಕೈಯನ್ನು ಮಡಿಲಲ್ಲಿಟ್ಟುಕೊಂಡು ಗೆಣ್ಣು ಒತ್ತಿ ಮೆತ್ತಗೆ ಮಾಡುತ್ತಿದ್ದರು. "ಪೇಪರಿನೋರ ಕೈ ನೋಡವ್ವ, ಬರೆದು ಬರೆದು ಕಟ್ಟಿಗಿ ಆಗೈತೆ" ಎಂದು ನನ್ನನ್ನು ಛೇಡಿಸುತ್ತಿದ್ದರು. ಬಳೆ ತೊಟ್ಟವರು ತೊಡಿಸಿದವರಿಗೆ ನಮಸ್ಕರಿಸುವುದು ಪದ್ಧತಿ. ಕೊರಳಲ್ಲಿ ಲಿಂಗ ಕಟ್ಟಿದ ನನ್ನ ಅಮ್ಮನೂ, ಡಾಕ್ಟರ ಹೆಂಡತಿಯೂ ಅವರಿಗೆ ಬಾಗಿ ಕೈಮುಗಿಯುತ್ತಿದ್ದರು.

ಕೊರೊನಾ ಬಂದ ವರ್ಷ ಬಳೆಗಾರಮ್ಮನಿಗೆ ಜ್ವರ, ಏದುಸಿರು. ಅವರ ಸೊಸೆ ಆಟೊದಲ್ಲಿ ಡಾಕ್ಟರ ನರ್ಸಿಂಗ್ ಹೋಮಿಗೇ ಕರೆತಂದು ನನಗೆ ಫೋನ್ ಮಾಡಿದಳು; ನಾನು ಓಡಿಹೋದೆ. ಕೆಳಗೆ ಆಸ್ಪತ್ರೆ, ಮೇಲೆ ಡಾಕ್ಟರ ಮನೆ. ಕೈಮುಗಿದವರ ಮನೆ, ಇಲ್ಲವೆನ್ನಲಾರರು ಎಂದು ಬಳೆಗಾರಮ್ಮ ನಂಬಿದ್ದರು.

ಕೌಂಟರಿನವನು ಉಸಿರಾಟದ ಬಗ್ಗೆ ಕೇಳಲಿಲ್ಲ. "ಯಾವ ಓಣಿ ನಿಮ್ದು?" ಎಂದ. ಸೊಸೆ ಹೇಳಿದ್ದೇ ತಡ, "ಬೆಡ್ ಇಲ್ರಿ."

ನಾನು ಹೊರಗೆ ನಿಂತು ಅದೇ ಆಸ್ಪತ್ರೆಗೆ ಫೋನ್ ಮಾಡಿ, ನನ್ನ ಹೆಸರು ಹೇಳಿ, ಅಮ್ಮನಿಗೆ ಜ್ವರ ಎಂದೆ. ಗಾಜಿನಾಚೆ ಅವನೇ ಫೋನೆತ್ತಿದ್ದ. "ಕರ್ಕಂಡು ಬರ್ರಿ ಮೇಡಂ, ಬೆಡ್ ಐತೆ."

ಒಳಗೆ ಹೋಗಿ ಕೇಳಿದೆ. "ಮೇಲಿಂದ ಹೇಳ್ಯಾರ್ರಿ, ಆ ಕಡೆಯೋರು ಬ್ಯಾಡ ಅಂತ" ಎಂದು ಮುಖ ತಿರುಗಿಸಿದ.

ಅಷ್ಟರಲ್ಲಿ ಬಾಲ್ಕನಿಯಿಂದ ಡಾಕ್ಟರ ಹೆಂಡತಿ ಬಳೆ ತುಂಬಿದ ಕೈ ಬೀಸಿದರು. "ಆ ಆಟೊನ ಗೇಟಿಂದಾಚೆ ಕಳ್ಸ್ರಿ!"

ಬಳೆಗಾರಮ್ಮ ಆಟೊದಿಂದ ಕತ್ತೆತ್ತಿ ಆ ಬೀಸಿದ ಕೈಯನ್ನು ನೋಡಿದರು. "ಬಳೆ ನಂದೇ…" ಎಂದರು ಏದುತ್ತಾ. "ಒಂದೂ ಒಡೆದಿಲ್ಲ ನೋಡವ್ವ."

ಸರ್ಕಾರಿ ಆಸ್ಪತ್ರೆಯಲ್ಲಿ ಹಾಸಿಗೆ ಸಿಗುವಷ್ಟರಲ್ಲಿ ಸಂಜೆಯಾಗಿತ್ತು. ಮರುದಿನ ಅವರಿರಲಿಲ್ಲ. ನಡೆದದ್ದನ್ನು ನಡೆದಂತೆ ಬರೆದುಕೊಟ್ಟೆ. ಪತ್ರಿಕೆಯಲ್ಲಿ ಬಂದದ್ದು, ನಗರದಲ್ಲಿ ಹಾಸಿಗೆ ಕೊರತೆ ಎಂದು.

ಮೊನ್ನೆ ಸೀಮಂತದ ಸೊಸೆ ಹೊಸ ಬಳೆಗಾರ್ತಿಗೆ ಬಾಗಿ ನಮಸ್ಕರಿಸಿದಳು. ಡಾಕ್ಟರ ಹೆಂಡತಿ ನನ್ನತ್ತ ತಿರುಗಿ, "ಹರಿಹರದಾಕಿ ಕೈ ಭಾಳ ಮೆತ್ತಗಿತ್ತು. ಪಾಪ, ಈಗ ಎಲ್ಲಿದಾಳೋ?" ಎಂದರು.

"ನಿಮ್ಮ ಗೇಟಿಗೇ ಬಂದಿದ್ರಲ್ರಿ. ನೀವೇ ಆಚೆ ಕಳ್ಸಿದ್ರಿ. ಮಾರನೇ ದಿನ ತೀರ್ಕಂಡ್ರು."

ಅವರು "ಶುಭಕಾರ್ಯದಾಗ ಇಂಥ ಮಾತು ಯಾಕವ್ವ?" ಎಂದು ಹಸಿರು ಬಳೆಯ ತಟ್ಟೆಯನ್ನು ನನ್ನತ್ತ ಸರಿಸಿದರು.

ನನಗೆ ಕೈ ಮುಂದೆ ಚಾಚಲಾಗಲಿಲ್ಲ. ಅದನ್ನು ಮಡಿಲಲ್ಲಿಟ್ಟುಕೊಂಡು ಮೆತ್ತಗೆ ಮಾಡುವವರು ಅಲ್ಲಿರಲಿಲ್ಲ…