ಟೈಲರ್ ಮಾಮನ ಎದುರಿನ ಅಂಗಡಿ

ಬೀದಿಯ ಮೂಲೆಯಲ್ಲಿ ಬಟ್ಟೆ ಹೊಲಿಯುವವಳನ್ನು ಎಲ್ಲರೂ ಅಕ್ಕ ಎನ್ನುತ್ತಾರೆ. ಅವಳ ಹೊಟ್ಟೆಯಲ್ಲಿ ಇಪ್ಪತ್ತು ವರ್ಷದಿಂದ ಒಂದು ಕೆಂಡವಿತ್ತು. ಅದನ್ನು ಹಚ್ಚಿದವನು ಎದುರಿನ ಅಂಗಡಿಯ ಟೈಲರ್ ಮಾಮ.

ಆಗ ಅಕ್ಕನಿಗೆ ಹನ್ನೊಂದು. ಒಂದೇ ರಜೆಯಲ್ಲಿ ಮೈ ಅವಳನ್ನು ಕೇಳದೆ ಬೆಳೆದುಬಿಟ್ಟಿತ್ತು. ಗೇಣುದ್ದ ಏರಿದ ಎತ್ತರ, ಹಣೆ ತುಂಬ ಮೊಡವೆ, ಬೆವರಿಗೆ ಹೊಸ ವಾಸನೆ, ಮುಟ್ಟಿದರೆ ನೋಯುವ ಎದೆ. ಯೂನಿಫಾರ್ಮಿಗೆ ಅಳತೆ ಕೊಡಲು ಮಾಮನ ಅಂಗಡಿಗೆ ಹೋದಳು. ಮಾಮ ಮಕ್ಕಳನ್ನು ಬಾಗಿಲಲ್ಲೇ ಸಾಲಾಗಿ ನಿಲ್ಲಿಸಿ ಟೇಪು ಸುತ್ತುತ್ತಿದ್ದ, ಅಳತೆ ಕೂಗುತ್ತಿದ್ದ. ಒಳಗೆ ಮಷೀನುಗಳ ಸದ್ದಿನ ನಡುವೆ ಕೂತ ಹೆಂಡತಿ ಬರೆದುಕೊಳ್ಳುತ್ತಿದ್ದಳು.

ಅಂದು ಮಾಮ ಕೂಗಿದ್ದು ಅಳತೆಯನ್ನಲ್ಲ.

"ಲೇ, ಇವಳಿಗೆ ಎಕ್ಸ್‌ಟ್ರಾ ಬಟ್ಟೆ ಬರ್ಕೊಳೇ! ಹುಡುಗಿ ಅಂತ ಕಳ್ಸಿದಾರೆ, ಬಂದಿರೋದು ಹೆಂಗ್ಸು!"

ಸಾಲಿಗೆ ಸಾಲೇ ನಕ್ಕಿತು. ಶಾಲೆ ಮುಗಿಯುವವರೆಗೂ ಅವಳ ಹೆಸರು 'ಎಕ್ಸ್‌ಟ್ರಾ'. ಐದು ವರ್ಷ ಬ್ಯಾಗನ್ನು ಎದೆಗವಚಿಕೊಂಡು ಗೂನುಬೆನ್ನಲ್ಲೇ ನಡೆದಳು.

ಆಮೇಲೆ ಹೊಲಿಗೆ ಕಲಿತಳು. ಇಷ್ಟವಿತ್ತೆಂದಲ್ಲ, ಹಟಕ್ಕೆ. ಸರಿಯಾಗಿ ಮಾಮನ ಎದುರಿಗೇ ಅಂಗಡಿ ಹಾಕಿದಳು. ಒಳಗೆ ದಪ್ಪ ಪರದೆ. ಅದರ ಹಿಂದೆ ಪಿಸುಮಾತಲ್ಲಿ ಅಳತೆ, ತಾನೇ ಬರೆದುಕೊಳ್ಳುವುದು. ಆದರೆ ಅಮ್ಮಂದಿರ ಕಾಲು ಅಭ್ಯಾಸಬಲದಿಂದ ಮಾಮನ ಕಡೆಗೇ ತಿರುಗುತ್ತಿತ್ತು. ಮೂರು ವರ್ಷ ಅಕ್ಕ ಹಲ್ಲು ಕಚ್ಚಿಕೊಂಡು ಕಾದಳು.

ಈ ವರ್ಷ ಯೂನಿಫಾರ್ಮಿನ ವಾರ. ಮಾಮನ ಬಾಗಿಲಿಂದ ರಸ್ತೆವರೆಗೂ ಸಾಲು. ಇದ್ದಕ್ಕಿದ್ದಂತೆ ಒಬ್ಬ ಹುಡುಗಿ ರಸ್ತೆ ದಾಟಿ ಓಡಿಬಂದು ಅಕ್ಕನ ಪರದೆಯೊಳಗೆ ನುಗ್ಗಿದಳು. ನೋಡಿದರೆ ಮಾಮನ ಸ್ವಂತ ಮೊಮ್ಮಗಳು!

"ಯಾಕೇ ಪುಟ್ಟಿ?"

"ಇವ್ಳಿಗೆ ಅಂಗಡೀಲಿರೋ ಬಟ್ಟೆಯೆಲ್ಲ ಸಾಲಲ್ಲ ಅಂತ ತಾತ ಕೂಗಿದ್ರು. ಹುಡುಗ್ರೆಲ್ಲ ನಕ್ರು. ಅಕ್ಕಾ, ನಂಗೇನಾದ್ರೂ ಕಾಯ್ಲೆನಾ?"

"ಕಾಯ್ಲೆ ನಿಂಗಲ್ಲ, ನಿಮ್ಮ ತಾತನ ಬಾಯಿಗೆ. ನಿಂದು ಹಾರ್ಮೋನು ಕಣೇ. ಒಬ್ಬಳಿಗೆ ಹತ್ತಕ್ಕೇ ಕೆಲ್ಸ ಶುರು ಮಾಡುತ್ತೆ, ಒಬ್ಬಳಿಗೆ ಹದಿಮೂರಕ್ಕೆ. ಬೆನ್ನು ನೆಟ್ಟಗೆ ಮಾಡು."

ಕೊರಳಲ್ಲಿ ಟೇಪು ಹಾಕಿಕೊಂಡೇ ಅಕ್ಕ ರಸ್ತೆ ದಾಟಿದಳು. ಸಾಲಿನ ಮುಂದೆ ನಿಂತಳು.

"ಮಕ್ಕಳ ಮಾನ ಹರಾಜು ಹಾಕಿಸ್ಬೇಕು ಅನ್ನೋರು ಇಲ್ಲೇ ನಿಂತ್ಕೊಳ್ಳಿ. ಉಳಿದೋರು ನನ್ನ ಜೊತೆ ಬನ್ನಿ."

ಯಾರೂ ಅಲ್ಲಾಡಲಿಲ್ಲ. ಆಗ ಒಳಗಿಂದ ಮಾಮನ ಹೆಂಡತಿ ಎದ್ದು ಬಂದಳು. ಪುಸ್ತಕವನ್ನು ಗಂಡನ ಕೈಗೆ ತುರುಕಿದಳು.

"ಮೂವತ್ತು ವರ್ಷ ನೀವು ಕೂಗಿದ್ದನ್ನ ಬರ್ಕೊಂಡೆ. ಇನ್ನು ನೀವೇ ಕೂಗಿ, ನೀವೇ ಬರ್ಕೊಳ್ಳಿ."

ಅವಳು ಮೊಮ್ಮಗಳಿದ್ದ ಕಡೆ ನಡೆದಳು. ಅವಳ ಹಿಂದೆ ಒಬ್ಬಳು, ಇನ್ನೊಬ್ಬಳು, ಕೊನೆಗೆ ಇಡೀ ಸಾಲು.

"ಏನಮ್ಮಾ, ನಾನೇನು ಮಾಡಿದ್ದೆ ನಿಂಗೆ?" ಮಾಮ ರಸ್ತೆಗಿಳಿದು ಬಂದು ಕೇಳಿದ.

ಅಕ್ಕ ಹೇಳಿದಳು. ಎಲ್ಲವನ್ನೂ.

"ಅಯ್ಯೋ, ನೆನಪೇ ಇಲ್ವಲ್ಲಮ್ಮ! ತಮಾಷೆಗೆ ಅಂದಿರ್ತೀನಿ. ಅದಕ್ಕೆ ಹೀಗೆ ಹೊಟ್ಟೆ ಮೇಲೆ ಹೊಡೆಯೋದಾ?"

"ಹೌದು ಮಾಮ, ಹೊಟ್ಟೆ ಮೇಲೇ. ನಾನಂತೂ ತಮಾಷೆಗೆ ಹೊಡೀತಿಲ್ಲ."

ತಿಂಗಳೊಳಗೆ ಮಾಮನ ಅಂಗಡಿಗೆ ಬೀಗ ಬಿತ್ತು. ಒಂದು ಮಧ್ಯಾಹ್ನ ಅವನೇ ಅಕ್ಕನ ಬಾಗಿಲಿಗೆ ಬಂದ. "ಕಾಜ, ಗುಂಡಿ ಕೆಲಸನಾದ್ರೂ ಕೊಡಮ್ಮ."

ಅಕ್ಕ ಕತ್ತರಿ ಕೆಳಗಿಡಲಿಲ್ಲ. "ಕೊಡ್ತೀನಿ. ಆದ್ರೆ ಅಂಗಡಿಯೊಳಗೆ ಬಾಯಿ ತೆರೆಯೋ ಹಾಗಿಲ್ಲ."

ಈಗ ಮಾಮ ಹಿಂದಿನ ಕೋಣೆಯ ಸ್ಟೂಲಿನಲ್ಲಿ ಗೋಡೆಗೆ ಮುಖ ಮಾಡಿ ಕೂತು ಗುಂಡಿ ಹಚ್ಚುತ್ತಾನೆ. ದಾರ ಮುಗಿದರೆ ಕೈ ಎತ್ತುತ್ತಾನೆ. ಅಕ್ಕ ತನಗೆ ಬಿಡುವಾದಾಗ ನೋಡುತ್ತಾಳೆ.