ಹಾವರ್‌ಡೊಂಕ್ ವಂಶದ ಸೂಲಗಿತ್ತಿ

ಹಾವರ್‌ಡೊಂಕ್ ಒಡೆಯರ ವಂಶಾವಳಿ ನನಗೆ ಬಾಯಿಪಾಠ. ಕಲಿಯಬೇಕೆಂದು ಕಲಿತದ್ದಲ್ಲ. ಇಗರ್ಜಿಯ ಗಂಟೆ ಹೊಡೆಯುವವನೇ ನೆಲವನ್ನೂ ಗುಡಿಸಬೇಕು, ನಮ್ಮ ಇಗರ್ಜಿಯ ನೆಲದ ತುಂಬ ಅವರೇ ಮಲಗಿದ್ದಾರೆ. ಮೊದಲನೆಯ ಬೌಡವಿನ್, ಅವನ ಮಗ ಝೇಗರ್, ಝೇಗರನ ಮಗ ಇನ್ನೊಬ್ಬ ಬೌಡವಿನ್, ಹೀಗೆ ಗರ್ಭಗುಡಿಯ ಮೆಟ್ಟಿಲವರೆಗೆ. ಕವಚ ತೊಟ್ಟು ಕೈಮುಗಿದು ಮಲಗಿರುವ ಆ ಗಂಡಸರ ಕಾಲಬುಡದಲ್ಲಿ ಅವರ ನಾಯಿಗಳನ್ನೂ ಕೆತ್ತಿದ್ದಾರೆ. ಅವರು ಭೂಮಿಗೆ ಬಿದ್ದಾಗ ಕೈಯೊಡ್ಡಿ ಹಿಡಿದ ಹೆಂಗಸರನ್ನು ಮಾತ್ರ ಯಾರೂ ಕೆತ್ತಿಲ್ಲ. ನನಗೆ ಇದು ಮೊದಲಿನಿಂದಲೂ ಸರಿಕಂಡಿಲ್ಲ.

ಆ ಹೆಂಗಸರಲ್ಲಿ ಕೊನೆಯವಳು ಆವಸೂತೆ. ಅವಳ ಅಜ್ಜಿ, ಅವಳ ತಾಯಿ ಇಬ್ಬರೂ ಕೋಟೆಮನೆಗೆ ಸೂಲಗಿತ್ತಿಯರಾಗಿದ್ದವರೇ. ಕುಳ್ಳಗಿನ ಹೆಂಗಸು, ಕೈ ಮಾತ್ರ ಅಗಲ. ಹೆರಿಗೆಮನೆಯಲ್ಲಿ ಅವಳ ಬಾಯಿಗೆ ಒಡೆಯನೂ ಒಂದೇ, ಒಕ್ಕಲಿನವನೂ ಒಂದೇ. ನನ್ನ ಹೆಂಡತಿಗೆ ನೋವು ಬಂದ ದಿನ ನಾನು ಬಾಗಿಲ ಬಳಿ ಸುಳಿದಾಡುತ್ತಿದ್ದೆ. "ನಿನ್ ಕೆಲ್ಸ ಒಂಬತ್ ತಿಂಗ್ಳ ಹಿಂದೇನೇ ಮುಗೀತು ಗೋಸ್ವಿನ್. ಈಗ ಹೋಗಿ ಸೌದೆ ಒಡಿ" ಎಂದಳು. ನಾನು ಹೋಗಿ ಸೌದೆ ಒಡೆದೆ.

ಅವಳ ಗಂಡ ಲಾಮ್ಸಿನ್ ಲೇಯ ನದಿಯಲ್ಲಿ ಅಗಸೆನಾರು ಸಾಗಿಸುವ ದೋಣಿಯವನು. ಮಹಾಮಾರಿ ಊರಿಗೆ ಬಂದಾಗ ಮೊದಲು ಹೋದವರಲ್ಲಿ ಅವನೊಬ್ಬ. ಆಗ ಆವಸೂತೆ ಬಸುರಿ. ಮಾರಿ ಇಳಿದ ಮೇಲೆ ಅವಳ ತೋಳಲ್ಲಿ ಒಂದು ಹೆಣ್ಣುಮಗು ಇತ್ತು, ಅದಕ್ಕೆ ಕಾತಲಿನೆ ಎಂದು ಹೆಸರಾಯಿತು. ಸತ್ತವರನ್ನು ಹೂಳಿ ಹೂಳಿ ದಣಿದಿದ್ದ ಊರಿಗೆ ಹುಟ್ಟಿದ ಯಾವ ಮಗು ಕಂಡರೂ ಹಿಗ್ಗು. ಒಬ್ಬೊಬ್ಬರೂ ಬಂದು ಎತ್ತಿ ಆಡಿಸಿ ಹೋದರು.

ಕಾತಲಿನೆ ಬೆಳೆದಳು, ಅಗಸೆ ಬಡಿಯುವ ಕೆಲಸ ಕಲಿತಳು, ಮದುವೆಯಾದಳು, ಇಬ್ಬರು ಮಕ್ಕಳನ್ನು ಹೆತ್ತು ವಿಧವೆಯಾದಳು. ಎತ್ತರದ ಆಳು, ನೀಳವಾದ ಕತ್ತು, ಮಾತಿನ ಖಾರ ಮಾತ್ರ ಆವಸೂತೆಯದೇ. ಅವಳಿಗೆ ಯಾರ ಹೋಲಿಕೆ ಎಂದು ಊರಲ್ಲಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಬಡವರ ಮುಖದಲ್ಲಿ ಅಜ್ಜ ಮುತ್ತಜ್ಜರನ್ನು ಹುಡುಕುವಷ್ಟು ಪುರುಸೊತ್ತು ಯಾರಿಗಿರುತ್ತದೆ?

ಕೋಟೆಮನೆಯ ಕೊನೆಯ ಒಡೆಯ ಮಕ್ಕಳಿಲ್ಲದೆ ಸತ್ತ. ಉಳಿದವಳು ಅವನ ತಂಗಿ ಮಾಖ್ತಲ್ಟ್ ದೊರೆಸಾನಿ, ಮದುವೆಯಾಗದವಳು. ಈ ಸಲದ ಉಪವಾಸದ ತಿಂಗಳಲ್ಲಿ ಅವಳೂ ಹಾಸಿಗೆ ಹಿಡಿದಳು. ಇನ್ನು ಉಳಿಯುವುದಿಲ್ಲ ಎಂದಾದಾಗ ಪಾದ್ರಿ ಆರ್ನೌಟರನ್ನೂ ಇಬ್ಬರು ಪಂಚರನ್ನೂ ಕರೆಸಿ, "ನನಗೊಬ್ಬ ಮಗಳಿದಾಳೆ. ಯಾರು ಅಂತ ಸೂಲಗಿತ್ತಿಗೆ ಗೊತ್ತು. ಹೇಳ್ಬೇಕು ಅನ್ಸಿದ್ರೆ ಅವಳೇ ಹೇಳ್ಲಿ" ಎಂದಳು. ಹೆಸರು ಹೇಳಿ ಎಂದು ಪಾದ್ರಿ ಎಷ್ಟು ಕೇಳಿದರೂ ತುಟಿ ಬಿಚ್ಚಲಿಲ್ಲ. ಮರುದಿನ ನಾನು ಅವಳಿಗಾಗಿ ಗಂಟೆ ಹೊಡೆದೆ.

ನಮ್ಮ ನಾಡಿನ ಕಟ್ಟಳೆ ಹೀಗಿದೆ. ಮದುವೆಯಾಗದೆ ಹುಟ್ಟಿದ ಮಗುವಿಗೆ ತಂದೆಯ ಆಸ್ತಿಯಲ್ಲಿ ಚೂರೂ ಇಲ್ಲ. ತಾಯಿಯ ಆಸ್ತಿಗೆ ಮಾತ್ರ ಅದು ಉಳಿದ ಮಕ್ಕಳಂತೆಯೇ ವಾರಸುದಾರ, ಹೆತ್ತವಳ ಮಟ್ಟಿಗೆ ಯಾವ ಮಗುವೂ ಕಳ್ಳಬಸಿರಿನದಲ್ಲ. ದೊರೆಯಿಂದ ಪಡೆದ ಜಹಗೀರಾಗಿದ್ದರೆ ಇಷ್ಟು ಸುಲಭವಿರುತ್ತಿರಲಿಲ್ಲ. ಹಾವರ್‌ಡೊಂಕಿನ ನೆಲ ಯಾವ ದೊರೆಯಿಂದಲೂ ಪಡೆದದ್ದಲ್ಲ, ಅದು ದೇವರಿಂದಲೂ ಸೂರ್ಯನಿಂದಲೂ ಬಂದದ್ದು ಎಂದು ಹಿಂದಿನಿಂದ ಲೆಕ್ಕ. ಹಾಗಾಗಿ ಮಗಳು ಸಿಕ್ಕರೆ ಎಲ್ಲ ಅವಳದು. ಸಿಗದಿದ್ದರೆ ಸಮುದ್ರತೀರದ ಕಡೆಯ ದಾಯಾದಿ ಓಲಿವಿಯರನದು. ಆತ ಆಗಲೇ ಬಂದು ಕೋಟೆಮನೆಯಲ್ಲಿ ಇಳಿದಿದ್ದ, ತನ್ನ ಪರವಾಗಿ ವಾದಿಸಲು ಕೂಲಿಗೆ ಒಬ್ಬ ಮಾತುಗಾರನನ್ನೂ ಕರೆತಂದಿದ್ದ.

ಪಂಚರ ಕರೆ ತಲುಪಿಸುವ ಕೆಲಸ ನನ್ನ ಪಾಲಿಗೆ ಬಂತು. ಆವಸೂತೆ ಹೊಳೆದಂಡೆಯಲ್ಲಿ ಬಟ್ಟೆ ಹಿಂಡುತ್ತಿದ್ದಳು. ನನ್ನ ಮಾತು ಕೇಳಿ ಹಿಂಡುವುದನ್ನು ನಿಲ್ಲಿಸಿದಳು.

"ಹೆಸ್ರು ಹೇಳಲಿಲ್ವಾ ಅವ್ರು?"

"ಇಲ್ಲ. ನೀನ್ ಬೇಕಾದ್ರೆ ಹೇಳ್ಬೋದು ಅಂದ್ರು."

"ಸಾಯೋವಾಗ್ಲೂ ಹೇಳಲಿಲ್ಲ" ಎಂದಳು ತನ್ನಷ್ಟಕ್ಕೆ. ಬಟ್ಟೆಯನ್ನು ಬುಟ್ಟಿಗೆ ಹಾಕಿ, "ಬಾ ನನ್ ಜೊತೆ" ಎಂದು ಇಗರ್ಜಿಯ ಕಡೆ ನಡೆದಳು.

ಒಳಗೆ ಹೋಗಲಿಲ್ಲ. ಹಿಂದಿನ ಗೋಡೆಯ ಬಳಿ, ಸೂರಿನ ನೀರು ಬೀಳುವ ಸಾಲಿನಲ್ಲಿ ನಿಂತಳು. ಗೋಡೆಯ ಆಚೆ ಒಡೆಯರ ಸಮಾಧಿಗಳು.

"ಮಾರಿ ವರ್ಷ ನಂಗ್ ಹುಟ್ಟಿದ್ ಮಗು ಉಸಿರಾಡ್ಲಿಲ್ಲ ಗೋಸ್ವಿನ್. ಊರೋರ್ ಮಕ್ಳಿಗೆಲ್ಲ ಉಸಿರೂದ್ದೋಳು ನಾನು. ಒಬ್ಳೇ ಹೆತ್ತೆ, ಒಬ್ಳೇ ಊದ್ದೆ. ಬರಲಿಲ್ಲ. ಜೀವ ಇಲ್ದಿದ್ದಕ್ಕೆ ದೀಕ್ಷಾಸ್ನಾನ ಕೊಡೋಕಾಗಲ್ಲ. ಆ ಸ್ನಾನ ಇಲ್ದಿದ್ದನ್ನ ಇಗರ್ಜಿ ನೆಲದಲ್ಲಿ ಹೂಳೋಕಾಗಲ್ಲ. ಕದ್ದು ಇಲ್ಲಿಟ್ಟೆ. ಇಗರ್ಜಿ ಮಾಡಿನ್ ನೀರಾದ್ರೂ ತಲೆ ಮೇಲ್ ಬೀಳ್ಲಿ ಅಂತ."

ಅವಳು ಮುಂದುವರಿಸಿದಳು. ಅದೇ ವಾರ ಕೋಟೆಮನೆಯಿಂದ ಕರೆ ಬಂದಿತ್ತು. ಮಾರಿಯ ಭಯಕ್ಕೆ ಮನೆಯವರೂ ಆಳುಕಾಳುಗಳೂ ಆಗಲೇ ಓಡಿಹೋಗಿದ್ದರು, ಕರೆ ತಂದ ಕೊನೆಯ ಆಳೂ ಬಾಗಿಲಲ್ಲೇ ತಿರುಗಿದ. ಒಳಗೆ ಮಾಖ್ತಲ್ಟ್ ಒಬ್ಬಳೇ ನೋವು ತಿನ್ನುತ್ತಿದ್ದಳು. ತಂದೆ ಯಾರೆಂದು ಕೇಳುವುದು ಸೂಲಗಿತ್ತಿಯ ಕರ್ತವ್ಯ, ಆವಸೂತೆ ಕೇಳಿದಳು. ಉತ್ತರ ಬರಲಿಲ್ಲ. ಮಗು ಹುಟ್ಟಿ ಕಿರುಚಿತು. ಆವಸೂತೆಯ ಎದೆಯಲ್ಲಿ ಹಾಲು ಕಟ್ಟಿ ಸುಡುತ್ತಿತ್ತು. 'ನಾನು ಬದುಕಿರೋವರ್ಗೂ ಇವಳನ್ನ ವಾಪಸ್ ಕೇಳಲ್ಲ' ಎಂದು ದೊರೆಸಾನಿ ಮಾತು ಕೊಟ್ಟಳು, ಆವಸೂತೆ ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದಳು.

"ಸುಮ್ನಿದ್ಬಿಡವ್ವ" ಎಂದೆ. "ನಂಗೇನೂ ಗೊತ್ತಿಲ್ಲ ಅಂದ್ಬಿಡು. ಹೇಳಿದ್ರೆ ಅವ್ಳು ಕೋಟೆಮನೆ ಸೇರ್ತಾಳೆ. ಈ ಮಗು ವಿಷ್ಯಾನೂ ಹೊರಗ್ ಬೀಳತ್ತೆ, ಪಾದ್ರಿ ಇದನ್ನ ಇಲ್ಲಿರೋಕ್ ಬಿಡಲ್ಲ. ಇಬ್ರೂ ಹೋಗ್ತಾರೆ ನಿಂಗೆ."

"ಅದು ನಂಗೊತ್ತಿಲ್ವಾ?"

"ಮತ್ತೆ?"

"ವರ್ಷಾ ವರ್ಷಾ ಬೆಣ್ಣೆ ಕೊಡೋಕೆ ಅವಳನ್ನ ಕರ್ಕೊಂಡ್ ಹೋಗ್ತಿದ್ದೆ. ಆ ಹೆಂಗ್ಸು ಕಿಟಕಿ ಹತ್ರ ನಿಂತ್ಕೊಂಡು ನೋಡೋರು. ಒಂದಿನಾನೂ ತಲೆ ಸವರಲಿಲ್ಲ. ಕೊಟ್ಟ ಮಾತು ಉಳಿಸ್ಕೊಂಡ್ರು. ನಾನು ಮೂವತ್ ವರ್ಷ ಮಗ್ಳೇ ಮಗ್ಳೇ ಅಂದೆ. ಈಗ ಸಂತರ ಎಲುಬಿನ್ ಮೇಲ್ ಕೈಯಿಟ್ಟು ಆಣೆ ಮಾಡಿ, ಆ ಹೆಂಗ್ಸಿಗ್ ಮಕ್ಳೇ ಇರ್ಲಿಲ್ಲ ಅನ್ಲಾ?"

ಕಾತಲಿನೆಗೆ ಮೊದಲೇ ಹೇಳು ಎಂದೆ. ಆಗಲಿ ಎಂದು ತಲೆಯಾಡಿಸಿದಳು. ಆದರೆ ಸಭೆಯ ದಿನದವರೆಗೂ ಅವಳ ಬಾಯಿಂದ ಅದು ಹೊರಡಲಿಲ್ಲ. ಎಂಥೆಂಥ ಹೆರಿಗೆ ನಿಭಾಯಿಸಿದವಳು, ಇದೊಂದಕ್ಕೆ ಹೆದರಿದಳು.

ಸಭೆ ಲಿಂಡನ್ ಮರದ ಕೆಳಗೆ ಕೂಡಿತು. ಏಳು ಜನ ಪಂಚರು, ಓಲಿವಿಯರ್, ಅವನ ಮಾತುಗಾರ, ಸುತ್ತ ಇಡೀ ಊರು. ಕಾತಲಿನೆ ಅಗಸೆ ಬಡಿಯುವುದನ್ನು ಬಿಟ್ಟು, ಕೂದಲ ತುಂಬ ಸಿಪ್ಪೆ ಇಟ್ಟುಕೊಂಡೇ ಬಂದು ಹೆಂಗಸರ ಸಾಲಿನಲ್ಲಿ ನಿಂತಿದ್ದಳು. ಆವಸೂತೆ ಸಂತರ ಎಲುಬಿನ ಪೆಟ್ಟಿಗೆಯ ಮೇಲೆ ತನ್ನ ಅಗಲವಾದ ಕೈಯಿಟ್ಟು, "ಮಾಖ್ತಲ್ಟ್ ದೊರೆಸಾನಿ ಹೆತ್ತ ಮಗಳು ಕಾತಲಿನೆ. ನಾನು ಸಾಕಿದೋಳು, ಹೆತ್ತೋಳಲ್ಲ" ಎಂದಳು.

ಕಾತಲಿನೆ ಮೊದಲು ನಕ್ಕಳು, ಮುದುಕಿಗೆ ಅರುಳುಮರುಳು ಎಂಬಂತೆ. ಯಾರೂ ನಗದಿದ್ದಾಗ ಅವಳ ಮುಖ ಇಳಿಯಿತು.

ಮಾತುಗಾರ ಎದ್ದು ನಿಂತ. ಮೃದುವಾದ ದನಿ ಅವನದು. "ಅಜ್ಜಿ, ಆ ವರ್ಷ ನೀನೂ ಬಸ್ರಿ ಇದ್ದೆ. ಊರೆಲ್ಲ ನೋಡಿದೆ. ಇವ್ಳು ನಿನ್ ಮಗ್ಳಲ್ಲ ಅಂದ್ರೆ ನಿನ್ ಮಗು ಎಲ್ಲಿ? ಒಳ್ಳೆ ಮನೆ ಸಿಗತ್ತೆ ಅಂತ ಹೆತ್ ಮಗ್ಳನ್ನೇ ಇನ್ನೊಬ್ರದು ಅಂತಿದೀಯಾ?"

ಊರವರ ನಡುವೆ ಗುಸುಗುಸು ಎದ್ದಿತು. ಹೆತ್ತ ಮಗಳಿಗೆ ಒಳ್ಳೆಯದಾಗಲಿ ಎಂದು ಯಾವ ತಾಯಿಯಾದರೂ ಅಂಥ ಸುಳ್ಳು ಹೇಳಿಯಾಳು, ನಾನಾಗಿದ್ದರೂ ಹೇಳುತ್ತಿದ್ದೆ. ಆವಸೂತೆ ಆಣೆಯಿಟ್ಟ ಕೈಯನ್ನು ತೆಗೆಯಲಿಲ್ಲ. ಇಗರ್ಜಿಯ ಹಿಂದೆ, ಸೂರಿನ ಕೆಳಗೆ, ಬೆಣ್ಣೆ ಗಡಿಗೆಯೊಳಗೆ, ಎಂದಳು. ಜೊತೆಗೆ ಲಾಮ್ಸಿನ್ ಯಾತ್ರೆಯಿಂದ ತಂದಿದ್ದ ಸೀಸದ ಬಿಲ್ಲೆಯೊಂದಿದೆ, ಅದರ ಮೇಲೆ ದೋಣಿಯ ಗುರುತಿದೆ, ಎಂದೂ ಹೇಳಿದಳು.

ಅಗೆದವನು ನಾನೇ. ಊರಿನ ಹೆಣಗಳಿಗೆಲ್ಲ ಗುಂಡಿ ತೋಡುವವನೂ ನಾನೇ. ಗಡಿಗೆ ಬೇಗ ಸಿಕ್ಕಿತು. ಪಂಚರ ಹಿರಿಯ ಅದರ ಬಾಯಿ ಬಿಚ್ಚಿ ನೋಡಿ, ಬಿಲ್ಲೆಯನ್ನು ಹೊರತೆಗೆದು ಬೆಳಕಿಗೆ ಹಿಡಿದ. ದೋಣಿ ಇತ್ತು. ಓಲಿವಿಯರನ ಮಾತುಗಾರ ಟೋಪಿ ತೆಗೆದ.

ಪಾದ್ರಿ ಆರ್ನೌಟ್ ಕೆಟ್ಟವರಲ್ಲ. ಆದರೆ ನಿಯಮ ನಿಯಮವೇ. "ಗೊತ್ತಾದ್ ಮೇಲೆ ಮತ್ತೆ ಇಲ್ಲಿ ಇಡೋ ಹಾಗಿಲ್ಲ ತಾಯಿ. ಊರ ಗಡಿ ಆಚೆ ಹೂಳ್ಬೇಕು" ಎಂದರು, ಅವಳ ಮುಖ ನೋಡದೆ. ಊರ ಗಡಿಯಾಚೆ ಎಂದರೆ ನೇಣು ಹಾಕಿಸಿಕೊಂಡವರನ್ನು ಹೂಳುವ ಬಯಲು. ಆವಸೂತೆ ಗಡಿಗೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ಹೋದಳು. ಕಾತಲಿನೆ ಹಿಂದೆ ಹೋಗಲಿಲ್ಲ. ಇಬ್ಬರು ಮಕ್ಕಳ ಕೈ ಹಿಡಿದು ತನ್ನ ಮನೆಯ ಬಾಗಿಲು ಹಾಕಿಕೊಂಡಳು.

ಪಂಚರು ತೀರ್ಪು ಕೊಟ್ಟರು. ಓಲಿವಿಯರ್ ಗಂಟುಮೂಟೆ ಕಟ್ಟಿದ. ಕಾತಲಿನೆಯನ್ನು ಕೋಟೆಮನೆಗೆ ಕರೆದೊಯ್ದರು. ಇತ್ತ ಆವಸೂತೆಯ ಮನೆಯಲ್ಲಿ ಉಪ್ಪಿನ ಡಬ್ಬದ ಪಕ್ಕ ಗಡಿಗೆ ಹಾಗೆಯೇ ಕೂತಿತ್ತು. ಬಯಲಿಗೆ ಒಯ್ಯಲು ಅವಳಿಗೆ ಕಾಲೇಳಲಿಲ್ಲ. ನಾನು ಹೋದಾಗಲೆಲ್ಲ, "ಬಂದಿದ್ಲಾ?" ಎಂದು ಕೇಳಲು ಬಾಯಿ ತೆರೆದು ಮುಚ್ಚಿಕೊಳ್ಳುತ್ತಿದ್ದೆ. ಬಂದಿರಲಿಲ್ಲ ಎಂಬುದು ನೋಡಿದರೇ ಗೊತ್ತಾಗುತ್ತಿತ್ತು. ಕಾತಲಿನೆಯ ಮೇಲೆ ನನಗೆ ವಿಪರೀತ ಸಿಟ್ಟು ಬಂದಿತ್ತು.

ಸೂರ್ಯನಿಂದ ಬಂದ ನೆಲವನ್ನು ಸೂರ್ಯ ಹುಟ್ಟುವ ಹೊತ್ತಿಗೇ ವಹಿಸಿಕೊಳ್ಳಬೇಕು. ವಾರಸುದಾರರು ಕೋಟೆಮನೆಯ ಮುಂದಿನ ಹುಲ್ಲುಗಾವಲಿನಲ್ಲಿ ಪೂರ್ವಕ್ಕೆ ಮುಖ ಮಾಡಿ, ತಮ್ಮ ಕೈಯಾರೆ ಒಂದು ಹೆಂಟೆ ಹುಲ್ಲುಮಣ್ಣು ಕತ್ತರಿಸಿ ಎತ್ತಬೇಕು, ಇದು ದೇವರದು, ಸೂರ್ಯನದು, ಇನ್ನು ಯಾರದೂ ಅಲ್ಲ ಎಂದು ಹೇಳಿ ಮತ್ತೆ ಅಲ್ಲೇ ಇಡಬೇಕು. ಆ ಬೆಳಿಗ್ಗೆ ಪಂಚರು, ಪಾದ್ರಿ, ಊರವರು ಎಲ್ಲ ಸೇರಿದ್ದೆವು. ಆವಸೂತೆ ದೂರ ಬೇಲಿಯ ಬಳಿ ನಿಂತಿದ್ದಳು.

ಕಾತಲಿನೆ ಹೊರಬಂದಳು. ಗುದ್ದಲಿ ಹಿಡಿದು ಹೆಂಟೆ ಕತ್ತರಿಸಿದಳು, ಎತ್ತಿದಳು, ಮಾತು ಹೇಳಿದಳು. ಆದರೆ ತಿರುಗಿ ಇಡಲಿಲ್ಲ. ಹೆಂಟೆಯನ್ನು ಪಕ್ಕಕ್ಕಿಟ್ಟು, ಆ ಜಾಗವನ್ನೇ ಇನ್ನೂ ಆಳಕ್ಕೆ ಅಗೆಯತೊಡಗಿದಳು. ಪಂಚರ ಹಿರಿಯ, "ಅಷ್ಟು ಸಾಕು ದೊರೆಸಾನಿ" ಎಂದ. ಅವಳು ನಿಲ್ಲಿಸಲಿಲ್ಲ. ಮೊಣಕಾಲಾಳ ತೋಡಿದ ಮೇಲೆ ನೆಟ್ಟಗೆ ಬೇಲಿಯ ಕಡೆ ನಡೆದಳು.

"ಎಲ್ಲಿಟ್ಟಿದೀಯ?"

"ಮನೇಲಿ" ಎಂದಳು ಆವಸೂತೆ.

"ತಗೊಂಡ್ ಬಾ."

ಮುದುಕಿ ಹೋಗಿ ಬರುವವರೆಗೆ ನಾವೆಲ್ಲ ನಿಂತೇ ಇದ್ದೆವು. ಸೂರ್ಯ ಮರಗಳ ಮೇಲೆ ಬಂದ. ಆವಸೂತೆ ಗಡಿಗೆಯೊಂದಿಗೆ ಬಂದಾಗ ಪಾದ್ರಿ ಒಂದು ಹೆಜ್ಜೆ ಮುಂದಿಟ್ಟರು. "ನಾನು ಇದನ್ನ ಪ್ರಾರ್ಥನೆ ಮಾಡಿ ಹೂಳೋಕಾಗಲ್ಲ."

"ನೀವ್ ಹೂಳ್ಬೇಡಿ ಸ್ವಾಮಿ, ನಾನ್ ಹೂಳ್ತೀನಿ" ಎಂದಳು ಕಾತಲಿನೆ. "ಈ ನೆಲ ಇಗರ್ಜೀದಲ್ಲ, ದೊರೇದಲ್ಲ. ದೇವ್ರದು, ಸೂರ್ಯಂದು ಅಂತ ಈಗ ತಾನೆ ನನ್ ಬಾಯಲ್ಲೇ ಹೇಳ್ಸಿದ್ರಲ್ಲ. ಅವ್ರಿಬ್ರೂ ಬೇಡ ಅಂದ್ರೆ ತೆಗೀತೀನಿ."

ಪಾದ್ರಿ ಹಿಂದೆ ಸರಿದರು. ಆವಸೂತೆಯೇ ಬಗ್ಗಿ ಗಡಿಗೆಯನ್ನು ಕೆಳಗಿಟ್ಟಳು. ಕಾತಲಿನೆ ಮಣ್ಣೆಳೆದು, ಅದರ ಮೇಲೆ ಆ ಹೆಂಟೆಯನ್ನು ಕೂರಿಸಿ, ಅಂಗೈಯಿಂದ ತಟ್ಟಿದಳು. ನೆಲ ಅವಳದಾಯಿತು ಎಂದು ಪಂಚರು ಕೂಗಿ ಹೇಳಿದರು. ಹಾವರ್‌ಡೊಂಕಿನ ಮುಂದಿನ ವಾರಸುದಾರರೆಲ್ಲ ಹೆಂಟೆ ಎತ್ತುವುದು ಅಲ್ಲೇ, ಆದರೆ ಮೇಲಿನ ಹುಲ್ಲಿನಷ್ಟೇ, ಗುದ್ದಲಿ ಆಳಕ್ಕೆ ಹೋಗಕೂಡದು ಎಂದು ಅವಳು ಅಂದೇ ಕಟ್ಟಳೆ ಮಾಡಿದಳು.

ನಮ್ಮೂರಲ್ಲಿ ಮಗು ಸತ್ತ ಮನೆಗೆ ಹೆಂಗಸರು ರೊಟ್ಟಿ, ಬಿಯರು ತೆಗೆದುಕೊಂಡು ಹೋಗಿ ತಾಯಿಯ ಜೊತೆ ಕೂರುತ್ತಾರೆ. ಅಂದು ಮಧ್ಯಾಹ್ನ ಯಾರು ಮೊದಲು ಹೊರಟರೋ ತಿಳಿಯದು, ನನ್ನ ಹೆಂಡತಿಯೂ ರೊಟ್ಟಿ ಕಟ್ಟಿಕೊಂಡು ಹೊರಟಳು. ನಾನು ಬಿಯರಿನ ಹೂಜಿ ಹೊತ್ತುಕೊಂಡು ಹಿಂದೆ ಹೋದೆ. ಆವಸೂತೆಯ ಮನೆ ತುಂಬಿಹೋಗಿತ್ತು, ಅವಳ ಕೈಗೆ ಹುಟ್ಟಿದವರು, ಅವಳ ಕೈಯಲ್ಲಿ ಹೆತ್ತವರು. ಅವಳು ನಡುವೆ ಕೂತು ಗಂಡನನ್ನೂ ಮಗುವನ್ನೂ ಕರೆದು ಕರೆದು ಅಳುತ್ತಿದ್ದಳು. ಮೂವತ್ತು ವರ್ಷ ಬಚ್ಚಿಟ್ಟ ಅಳು. ಬಾಗಿಲಲ್ಲಿ ನಿಂತು ನಾನೂ ಅತ್ತೆ.

ಎಲ್ಲರೂ ಬಂದಾದ ಮೇಲೆ ಕಾತಲಿನೆ ಬಂದಳು, ಕಂಕುಳಲ್ಲಿ ರೊಟ್ಟಿ ಹಿಡಿದು. ಹೆಂಗಸರು ಎದ್ದು ದಾರಿ ಬಿಟ್ಟರು. ಆವಸೂತೆಯೂ ಗೋಡೆ ಹಿಡಿದು ಏಳಲು ನೋಡಿದಳು. "ಕೂತ್ಕೊಳ್ಳಿ ಅಮ್ಮಾವ್ರೇ" ಎಂದಳು.

ಕಾತಲಿನೆ ರೊಟ್ಟಿಯನ್ನು ಅವಳ ಮಡಿಲಲ್ಲಿಟ್ಟಳು.

"ಇನ್ನೊಂದ್ ಸಲ ಹಾಗಂದ್ರೆ ಎದ್ ಹೋಗ್ತೀನಿ ಅವ್ವ" ಎಂದಳು. "ಸರ್ಕೋ. ನಂಗೂ ಜಾಗ ಬಿಡು."