ಸ್ಲೈಡ್ ಮೇಷ್ಟ್ರ ಬೀಳ್ಕೊಡುಗೆ

ಹಾಜರಿ ಪುಸ್ತಕದ ಪ್ರಕಾರ ಅವರು ದಾಖಲೆ ವಿಭಾಗದ ಗುಮಾಸ್ತರು. ಆದರೆ ಆ ಹೆಸರು ಹೇಳಿಕೊಂಡು ಹುಡುಕಿ ಬಂದವರಿಗೆ ಅವರು ಸಿಕ್ಕ ಉದಾಹರಣೆಯಿಲ್ಲ. "ಸ್ಲೈಡ್ ಮೇಷ್ಟ್ರು ಎಲ್ಲಿ?" ಎಂದು ಕೇಳಿದರೆ ಮಾತ್ರ ಬಾಗಿಲು ಕಾಯುವವನೂ ಮೂರನೇ ಮಹಡಿಯ ಸಭಾಂಗಣದತ್ತ ಕೈ ತೋರಿಸುತ್ತಿದ್ದ. ಅಲ್ಲಿ ಕೊನೆಯ ಸಾಲಿನ ಹಿಂದೆ, ಒಂದು ಕಾಲು ಗಿಡ್ಡವಾದ ಮೇಜು. ಮೇಜಿನ ಮೇಲೆ ಪ್ರೊಜೆಕ್ಟರು. ಪ್ರೊಜೆಕ್ಟರಿನ ಹಿಂದೆ ಮೇಷ್ಟ್ರು. ಗಿಡ್ಡ ಕಾಲಿನ ಅಡಿಗೆ ಹಳೆಯ ಸುತ್ತೋಲೆಗಳನ್ನು ಮಡಚಿ ಇಟ್ಟಿದ್ದರು. ಈ ಕಚೇರಿಯ ಸುತ್ತೋಲೆಗಳಿಂದ ಉಪಕಾರವಾದದ್ದು ಆ ಮೇಜಿಗೊಂದೇ ಎಂದು ಅವರೇ ಹೇಳುವುದಿತ್ತು.

ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಬೇರೆಯವರು ಮಾಡಿದ ಸ್ಲೈಡು ಕಂಡರೆ ತಪ್ಪು ತೋರಿಸದೆ ಬಿಡುತ್ತಿರಲಿಲ್ಲವಾದ್ದರಿಂದ ಮೇಷ್ಟ್ರು ಎನ್ನುವ ಹೆಸರು ಅಂಟಿಕೊಂಡಿತು. ಹಳದಿಯ ಮೇಲೆ ಬಿಳಿ ಅಕ್ಷರ ಬರೆದವರನ್ನು ಅವರು ಮದುವೆಮನೆಯಲ್ಲಿ ಚಪ್ಪಲಿ ಕದ್ದವರನ್ನು ನೋಡುವ ಹಾಗೆ ನೋಡುತ್ತಿದ್ದರು.

ಇಷ್ಟೇ ಆಗಿದ್ದರೆ ಬೇರೆ ಮಾತು. ಮೇಷ್ಟ್ರಿಗೆ ಒಂದು ಸಿದ್ಧಾಂತವೂ ಇತ್ತು. ಪರದೆಯ ಮೇಲೆ ಯಾರು ಹೇಗೆ ಪ್ರವೇಶಿಸಬೇಕು ಎನ್ನುವುದಕ್ಕೆ ಅವರು ಹುದ್ದೆವಾರು ನಿಯಮ ಮಾಡಿಕೊಂಡಿದ್ದರು. ದೊಡ್ಡ ಸಾಹೇಬರ ಫೋಟೊ ಪರದೆಯ ನಡುವಿನ ಒಂದು ಚುಕ್ಕೆಯಿಂದ ಹಿಗ್ಗುತ್ತ ಹಿಗ್ಗುತ್ತ ಬರಬೇಕು, ಜೊತೆಗೆ ಡ್ರಮ್ಮಿನ ಸದ್ದು. ಉಪನಿರ್ದೇಶಕರು ಬಲಗಡೆಯಿಂದ ಹಾರಿ ಬರುತ್ತಾರೆ. ಮೇಲ್ವಿಚಾರಕರು ಕೆಳಗಿನಿಂದ ಏರುತ್ತಾರೆ. ಗುಮಾಸ್ತರು ಮಂಜು ಸರಿದಂತೆ ಮೆಲ್ಲಗೆ ಕಾಣಿಸಿಕೊಳ್ಳುತ್ತಾರೆ. ಡ್ರೈವರುಗಳಿಗೆ, ಕಾವಲಿನವರಿಗೆ ಅದೂ ಇಲ್ಲ; ಸ್ಲೈಡು ತೆರೆಯುವಾಗಲೇ ಅವರು ಅಲ್ಲಿ ಇರುತ್ತಾರೆ. ಒಮ್ಮೆ ಒಬ್ಬ ಮೇಲ್ವಿಚಾರಕರು, "ಏನ್ರೀ, ನಾನೇನು ಪಾತಾಳದಿಂದ ಎದ್ದು ಬಂದವನಾ?" ಎಂದು ಜಗಳಕ್ಕೇ ನಿಂತಿದ್ದರು. ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿ, "ಬಡ್ತಿ ಆಗ್ಲಿ ಸಾರ್, ಹಾರಿಸ್ತೀನಿ" ಎಂದಿದ್ದರು.

ಇಪ್ಪತ್ತೆಂಟು ವರ್ಷದಲ್ಲಿ ಅವರು ನಲವತ್ತಮೂರು ಜನರನ್ನು ಪರದೆಯ ಮೇಲೆ ಬೀಳ್ಕೊಟ್ಟಿದ್ದರು. ಎಲ್ಲಕ್ಕೂ ಒಂದೇ ಮೂಲ ಪ್ರತಿ: ಮೊದಲ ಸ್ಲೈಡಿನಲ್ಲಿ ಸೂರ್ಯೋದಯ, ಕೊನೆಯದರಲ್ಲಿ ಸೂರ್ಯಾಸ್ತ, ನಡುವೆ ನಿವೃತ್ತರ ಬದುಕು. ಹಿಂದೆ ಕೊಳಲು. ಹಿಂದಿನವರ ಫೋಟೊ ತೆಗೆದು ಮುಂದಿನವರದನ್ನು ಕೂರಿಸಿದರೆ ಮುಗಿಯಿತು. ಸೂರ್ಯ ಅದೇ ಸೂರ್ಯ, ಕೊಳಲು ಅದೇ ಕೊಳಲು.

ವೀಡಿಯೊದ ವಿಷಯದಲ್ಲಿ ಮಾತ್ರ ಅವರು ಕಟ್ಟುನಿಟ್ಟು. ಕಚೇರಿಯ ಕಂಪ್ಯೂಟರು ಹಳೆಯದು, ಅದರೊಳಗಿನ ತಂತ್ರಾಂಶ ಅದಕ್ಕಿಂತ ಹಳೆಯದು. ಅದರಲ್ಲಿ ವೀಡಿಯೊ ಹಾಕಿದರೆ ಅದು ಸ್ಲೈಡಿನ ಹೊಟ್ಟೆಯೊಳಗೆ ಹೋಗಿ ಕೂರುವುದಿಲ್ಲ. ಪಕ್ಕದಲ್ಲಿ ಬೇರೆ ಫೈಲಾಗಿಯೇ ಇರುತ್ತದೆ. ಸ್ಲೈಡಿಗೆ ಗೊತ್ತಿರುವುದು ಅದರ ವಿಳಾಸ ಮಾತ್ರ. "ಬರೀ ಸ್ಲೈಡು ತರಬೇಡ್ರಪ್ಪ, ಫೋಲ್ಡರ್ ಸಮೇತ ತನ್ನಿ. ವಿಳಾಸ ಸರಿ ಇದ್ದು ಮನೇಲಿ ಜನಾನೇ ಇಲ್ದಿದ್ರೆ ಏನು ಬಂತು?" ಎಂದು ಅವರು ನೂರು ಸಲ ಹೇಳಿರಬಹುದು. ಕೇಳದೆ ಬಂದವರ ವೀಡಿಯೊ ಇರಬೇಕಾದ ಕಡೆ ಕರೀ ಚೌಕ ಕಂಡಾಗ ಮೇಷ್ಟ್ರ ಮುಖದಲ್ಲಿ ಒಂದು ತೃಪ್ತಿ ಮೂಡುತ್ತಿತ್ತು. ಅದನ್ನು ಅವರು ಮರುಕ ಎಂದು ತಿಳಿದುಕೊಂಡಿದ್ದರು.

ಹೀಗಿರುವಾಗ ಅವರದೇ ನಿವೃತ್ತಿ ಬಂತು. ಅದೂ ಉಪನಿರ್ದೇಶಕರು ನಿವೃತ್ತರಾಗುವ ದಿನವೇ.

"ಸಾಹೇಬರದ್ದು ನೀವು ಮಾಡ್ತೀರಿ. ನಿಮ್ದನ್ನ ಯಾರು ಮಾಡ್ತಾರೆ ಮೇಷ್ಟ್ರೇ?" ಎಂದು ಕೇಳಿದವಳು ಟಪಾಲು ವಿಭಾಗದ ಅಕ್ಕ. ಹಿರಿಯರೂ ಕಿರಿಯರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು.

"ನನಗ್ಯಾಕಮ್ಮ ಅದೆಲ್ಲ? ಬಿಡು ಬಿಡು."

ಹಾಗೆ ಅಂದರೇ ಹೊರತು, ಆ ಹೊತ್ತಿಗಾಗಲೇ ಅವರು ತಮಗೆ ಡ್ರಮ್ಮು ನಿಗದಿಪಡಿಸಿಕೊಂಡಾಗಿತ್ತು. ನಿಯಮದ ಪ್ರಕಾರ ಅವರಿಗೆ ಸಲ್ಲುವುದು ಮಂಜು. ಆದರೆ ಇಪ್ಪತ್ತೆಂಟು ವರ್ಷ ಊರವರನ್ನೆಲ್ಲ ಪರದೆಗೆ ಹತ್ತಿಸಿದವನು ಒಂದೇ ಒಂದು ಸಲ ನಡುವಿನ ಚುಕ್ಕೆಯಿಂದ ಹಿಗ್ಗಿಕೊಂಡು ಬಂದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ. ಕಚೇರಿಯವರೆಲ್ಲ ಒಟ್ಟಿಗೆ ಕೂತು ತನ್ನ ಮುಖವನ್ನು ಒಮ್ಮೆ ಸರಿಯಾಗಿ ನೋಡಬೇಕು. ಅವರಿಗೆ ಬೇಕಾಗಿದ್ದದ್ದು ಅಷ್ಟೇ.

ಫೋಟೊ ಹುಡುಕಲು ಕೂತಾಗ ತೊಡಕು ಶುರುವಾಯಿತು. ಕಚೇರಿಯ ಸಂಗ್ರಹದಲ್ಲಿ ಒಂಬತ್ತು ಸಾವಿರ ಫೋಟೊಗಳಿದ್ದವು. ಮೇಷ್ಟ್ರು ನಾಲ್ಕು ದಿನ ಊಟದ ವಿರಾಮದಲ್ಲಿ ಒಂದೊಂದನ್ನೇ ತೆರೆದು ನೋಡಿದರು. ತಾವು ಸಿಕ್ಕಿದ್ದು ನಾಲ್ಕರಲ್ಲಿ. ಒಂದರಲ್ಲಿ ಮೊಣಕೈ. ಇನ್ನೊಂದರಲ್ಲಿ ಮೈಕಿನ ವೈರು ಸರಿಮಾಡುತ್ತ ಬಗ್ಗಿದ ಬೆನ್ನು. ಮೂರನೆಯದರಲ್ಲಿ ಕಿಟಕಿಯ ಗಾಜಿನೊಳಗೆ ಅರ್ಧ ಮುಖ, ಆ ಮುಖಕ್ಕೂ ಯಾವನೋ ಲೋಟ ಅಡ್ಡ ಹಿಡಿದಿದ್ದ. ನಾಲ್ಕನೆಯದರಲ್ಲಿ ಬಿಳಿ ಪರದೆಯ ಮೇಲೆ, ಬಹುಮಾನ ಪಡೆಯುತ್ತಿರುವ ಯಾರದೋ ಹಿಂದೆ, ಮೇಷ್ಟ್ರ ನೆರಳು. ತಲೆಯ ಎಡಗಡೆ ಎದ್ದು ನಿಲ್ಲುವ ಒಂದು ಹಿಡಿ ಕೂದಲಿನಿಂದ ಅದು ತಮ್ಮದೇ ಎಂದು ಗುರುತು ಹಿಡಿದರು.

ಮನೆಗೆ ಬಂದು ಹೆಂಡತಿಗೆ ಹೇಳಿದರೆ ಆಕೆ ಬಟ್ಟೆ ಮಡಚುತ್ತಿದ್ದ ಕೈ ನಿಲ್ಲಿಸಲಿಲ್ಲ.

"ಹಾಗಾದ್ರೆ ದಿನಾ ಬೆಳಿಗ್ಗೆ ಡಬ್ಬಿ ಹಿಡ್ಕೊಂಡು ಎಲ್ಲಿಗೆ ಹೋಗ್ತಿದ್ರಿ?"

"ತಮಾಷೆ ಬೇಡ ಕಣೇ. ಎಲ್ಲರ ಫೋಟೊ ತೆಗ್ದವನು ನಾನೇ ಅಲ್ವಾ? ನಂದನ್ನ ಯಾರು ತೆಗೀಬೇಕಿತ್ತು?"

"ದೀಪದ ಬುಡ ಕತ್ತಲೆ ಅಂತಾರಲ್ಲ, ಹಾಗಾಯ್ತು." ಆಕೆ ಒಂದು ಅಂಗಿಯ ಗುಂಡಿ ಹಾಕಿ ಮಡಚಿಟ್ಟಳು. "ಮನೇ ಫೋಟೊಗಳಲ್ಲಾದ್ರೂ ಇದ್ದೀರಾ? ಮಗಳ ಮದುವೆ ಆಲ್ಬಮ್ ತೆಗೆದು ನೋಡಿ. ಬಂದವರೆಲ್ಲ ನನ್ನನ್ನ ಕೇಳಿದ್ರು, ಯಜಮಾನ್ರು ಬಂದಿರ್ಲಿಲ್ವಾ ಅಂತ."

ಕೊನೆಗೆ ಉಪಾಯ ಹೊಳೆಯಿತು: ಫೋಟೊ ಇಲ್ಲದಿದ್ದರೇನು, ವೀಡಿಯೊ ಮಾಡಿದರಾಯಿತು. ಭಾನುವಾರ ಮಧ್ಯಾಹ್ನ ಮೇಷ್ಟ್ರು ಇಸ್ತ್ರಿ ಮಾಡಿದ ನೀಲಿ ಅಂಗಿ ತೊಟ್ಟು, ಕಿಟಕಿಯ ಬೆಳಕು ಎಡಗೆನ್ನೆಗೆ ಬೀಳುವ ಹಾಗೆ ಕುರ್ಚಿ ಹಾಕಿಸಿಕೊಂಡು ಕೂತರು. ಹೆಂಡತಿ ಫೋನು ಹಿಡಿದು ನಿಂತಳು. ಬರೆದುಕೊಂಡ ಮಾತು ಎರಡು ಪುಟವಿತ್ತು. ಮೊದಲ ಸಲ ಕೆಮ್ಮು ಬಂತು. ಎರಡನೇ ಸಲ ಪಕ್ಕದ ಮನೆಯ ಮಿಕ್ಸಿ ಶುರುವಾಯಿತು. ಆರನೇ ಸಲಕ್ಕೆ ಹೆಂಡತಿಯ ಕೈ ಸೋತಿತು.

"ರೀ, ಅಲ್ಲಿ ಯಾರೂ ಎರಡು ಪುಟ ಕೇಳಲ್ಲ. ಏನು ಅನ್ಸುತ್ತೋ ಅಷ್ಟೇ ಹೇಳಿ ಮುಗಿಸಿ."

ಒಂಬತ್ತನೇ ಸಲ ಮೇಷ್ಟ್ರು ಕಾಗದ ಕೆಳಗಿಟ್ಟು ಹೇಳಿದರು: "ನಿಮ್ಮೆಲ್ಲರ ಮುಖ ನಾನು ಚೆನ್ನಾಗಿ ಬಲ್ಲೆ. ಒಬ್ಬೊಬ್ಬರದ್ದೂ ದೊಡ್ಡದು ಮಾಡಿ ನೋಡಿದ್ದೀನಿ. ನನ್ನದು ಇದು. ಬರ್ತೀನಿ." ಹದಿನೆಂಟು ಸೆಕೆಂಡು. ಅದರ ಬಾಲಕ್ಕೆ ಹೆಂಡತಿಯ "ಆಯ್ತಾ?" ಎನ್ನುವ ದನಿಯೂ ಸೇರಿಕೊಂಡಿತ್ತು. ಕತ್ತರಿಸಬೇಕೆಂದುಕೊಂಡವರು ಯಾಕೋ ಹಾಗೇ ಬಿಟ್ಟರು.

ಹನ್ನೆರಡು ಸ್ಲೈಡು ಸಿದ್ಧವಾಯಿತು. ಮೊಣಕೈ, ಬೆನ್ನು, ಗಾಜಿನ ಮುಖ, ಬಹುಮಾನದವರನ್ನು ಕತ್ತರಿಸಿ ಉಳಿಸಿಕೊಂಡ ನೆರಳು, ಗುರುತಿನ ಚೀಟಿಯ ಫೋಟೊ ಡ್ರಮ್ಮಿನ ಜೊತೆ, ಅಲ್ಲಿ ಇಲ್ಲಿ ನಾಲ್ಕು ಒಳ್ಳೆಯ ಮಾತು. ಹನ್ನೊಂದನೆಯದು ವೀಡಿಯೊ. ಹನ್ನೆರಡು ಸೂರ್ಯಾಸ್ತ. ಅಂದು ತಾವು ವೇದಿಕೆಯ ಮೇಲೆ ಕೂರಬೇಕಾದ್ದರಿಂದ ಕೀಲಿ ಒತ್ತಲು ಟಪಾಲಿನ ಅಕ್ಕನಿಗೆ ಮೂರು ದಿನ ತರಬೇತಿ ಕೊಟ್ಟರು.

"ಒತ್ತು, ಮನಸ್ಸಲ್ಲೇ ಐದು ಎಣಿಸು, ಆಮೇಲೆ ಒತ್ತು. ಅವಸರ ಮಾಡ್ಬೇಡ."

"ಮೇಷ್ಟ್ರೇ, ದಿನಕ್ಕೆ ಮುನ್ನೂರು ಲಕೋಟೆಗೆ ಮುದ್ರೆ ಒತ್ತೋಳು ನಾನು. ನನಗೆ ಒತ್ತೋದು ಕಲಿಸ್ತೀರಾ?"

ಅದೇ ಅವರಿಗೆ ಭಯ.

ಆ ದಿನ ಬೆಳಿಗ್ಗೆ ಎರಡೂ ಫೋಲ್ಡರುಗಳು ಮೇಷ್ಟ್ರ ಪೆನ್‌ಡ್ರೈವಿನಲ್ಲಿ ಭದ್ರವಾಗಿದ್ದವು. ಕಾರ್ಯಕ್ರಮಕ್ಕೆ ಅರ್ಧ ಗಂಟೆಯಿದೆ ಎನ್ನುವಾಗ ಉಪನಿರ್ದೇಶಕರ ಶ್ರೀಮತಿಯವರು ಸಭಾಂಗಣದ ಬಾಗಿಲಲ್ಲೇ ಅವರನ್ನು ಹಿಡಿದರು.

"ಮೇಷ್ಟ್ರೇ, ಮೊಮ್ಮಗ ಈಜೋ ವೀಡಿಯೊ ಇದೆ, ನಿನ್ನೆ ತಾನೇ ಬಂತು. ಇದೊಂದು ಸೇರಿಸಿಬಿಡಿ. ಅವನ ತಾತನಿಗೆ ಗೊತ್ತಿಲ್ಲ."

"ಈಗಲಾ ಮೇಡಂ?"

"ನಿಮ್ಮ ಕೈಲಿ ಆಗದ್ದು ಏನಿದೆ ಹೇಳಿ!"

ಈ ಒಂದು ಮಾತಿಗೆ ಮೇಷ್ಟ್ರು ಇಪ್ಪತ್ತೆಂಟು ವರ್ಷದಲ್ಲಿ ಒಮ್ಮೆಯೂ ಎದುರಾಡಿದವರಲ್ಲ. ಮೊಮ್ಮಗ ಈಜುವುದನ್ನು ಏಳು ನಿಮಿಷ ಚಿತ್ರೀಕರಿಸಿದ್ದರು. ಪೆನ್‌ಡ್ರೈವಿನಲ್ಲಿ ಸ್ವಲ್ಪವೇ ಜಾಗ ಕಡಿಮೆ ಬಿತ್ತು. ಏನನ್ನಾದರೂ ತೆಗೆಯಬೇಕು. ಉಪನಿರ್ದೇಶಕರದ್ದನ್ನು ತೆಗೆಯುವ ಮಾತೇ ಇಲ್ಲ. ಮೇಷ್ಟ್ರು ತಮ್ಮ ಹದಿನೆಂಟು ಸೆಕೆಂಡನ್ನು ಅಳಿಸಿದರು. ಹೇಗೂ ಫೋನಿನಲ್ಲಿದೆ, ಈ ಕೆಲಸ ಆದ ಮೇಲೆ ನೇರವಾಗಿ ಕಂಪ್ಯೂಟರಿಗೇ ಹಾಕಿಕೊಂಡರಾಯಿತು ಎಂದುಕೊಂಡರು. ಮೊಮ್ಮಗನನ್ನು ನಲವತ್ತನೇ ಸ್ಲೈಡಿನಲ್ಲಿ ಇಳಿಸಿ, ನೀರಿನ ಸದ್ದಿಗೆ ಕೊಳಲನ್ನು ಹೊಂದಿಸಿ, ಎಲ್ಲವನ್ನೂ ಕಂಪ್ಯೂಟರಿಗೆ ಸೇರಿಸುವಷ್ಟರಲ್ಲಿ ದೊಡ್ಡ ಸಾಹೇಬರು ಬಂದೇಬಿಟ್ಟರು. ಯಾರೋ ಮೇಷ್ಟ್ರ ಭುಜ ಹಿಡಿದು ವೇದಿಕೆಗೆ ನಡೆಸಿದರು. ಹೆಂಡತಿ ಮೂರನೇ ಸಾಲಿನಲ್ಲಿ ಕೂತಿದ್ದಳು. ಫೋನು ಮೇಷ್ಟ್ರ ಜೇಬಿನಲ್ಲೇ ಇತ್ತು.

ಉಪನಿರ್ದೇಶಕರ ಪ್ರದರ್ಶನ ತಾನಾಗಿ ಓಡುವಂತೆ ಹೊಂದಿಸಿದ್ದು. ಅರವತ್ತು ಸ್ಲೈಡು ಅಡೆತಡೆಯಿಲ್ಲದೆ ಓಡಿತು. ಉಪನಿರ್ದೇಶಕರು ಬಲಗಡೆಯಿಂದ ಹನ್ನೊಂದು ಸಲ ಹಾರಿ ಬಂದರು. ಮೊಮ್ಮಗ ಏಳು ನಿಮಿಷ ಈಜಿದ. ತಾತ ಕರವಸ್ತ್ರ ತೆಗೆದರು. ಯಾವ ದೋಷವೂ ಇಲ್ಲದ ಆ ಕೆಲಸವನ್ನು ಮೇಷ್ಟ್ರು ವೇದಿಕೆಯಿಂದ ಕುತ್ತಿಗೆ ತಿರುಗಿಸಿ ನೋಡಿ ಬೀಗಿದರು.

ಮುಗಿದಾಗ ದೊಡ್ಡ ಸಾಹೇಬರು ಗಡಿಯಾರ ನೋಡಿಕೊಂಡರು. ನಿರೂಪಣೆ ಮಾಡುತ್ತಿದ್ದವರು ಅಕ್ಕನ ಕಡೆ ಬಗ್ಗಿ, "ಅಕ್ಕ, ಮೇಷ್ಟ್ರದ್ದು ಸ್ವಲ್ಪ ಬೇಗ ಬೇಗ" ಎಂದರು.

ಅಕ್ಕ ಲಕೋಟೆಗೆ ಮುದ್ರೆ ಒತ್ತುವ ಹಾಗೆ ಒತ್ತಿದಳು. ಸೂರ್ಯ ಹುಟ್ಟಿದ. ಮೊಣಕೈ ಬಂತು, ಹೋಯಿತು. ಬೆನ್ನು, ಗಾಜು, ನೆರಳು. ಡ್ರಮ್ಮು ಒಂದೇ ಒಂದು 'ಢಂ' ಎಂದಿತು; ಚುಕ್ಕೆಯಿಂದ ಹೊರಟ ಮೇಷ್ಟ್ರ ಮುಖ ಅಂಚೆಚೀಟಿಯಷ್ಟು ಆಗುವ ಹೊತ್ತಿಗೆ ಮುಂದಿನ ಸ್ಲೈಡು ಬಂದಾಗಿತ್ತು. ಹೋಗಲಿ, ವೀಡಿಯೊ ಇದೆ. ವೀಡಿಯೊ ತಾನಾಗಿ ಓಡುತ್ತದೆ, ಅದನ್ನು ಯಾರೂ ಅವಸರ ಮಾಡಿಸಲಾರರು ಎಂದು ಮೇಷ್ಟ್ರು ಸಮಾಧಾನ ಹೇಳಿಕೊಳ್ಳುವಾಗಲೇ ಕೈ ಜೇಬಿನ ಮೇಲೆ ಹೋಯಿತು. ಹದಿನೆಂಟು ಸೆಕೆಂಡು ಇನ್ನೂ ಫೋನಿನಲ್ಲೇ ಇತ್ತು.

ಹನ್ನೊಂದನೇ ಸ್ಲೈಡು ಬಂತು. ನಡುವೆ ಕರೀ ಚೌಕ.

ಸಭೆ ಕರೀ ಚೌಕವನ್ನು ನೋಡಿತು. ಇದೇನೋ ಮೇಷ್ಟ್ರ ಹೊಸ ಕರಾಮತ್ತು, ಈಗ ಒಳಗಿಂದ ಏನೋ ಹೊರಡುತ್ತದೆ ಎಂದು ಎಲ್ಲರೂ ಕಾದರು. ಇಪ್ಪತ್ತೆಂಟು ವರ್ಷದಲ್ಲಿ ಅವರ ಕೈಯಲ್ಲಿ ಏನೂ ತಪ್ಪಿದ್ದಿಲ್ಲವಲ್ಲ. ಮೇಷ್ಟ್ರಿಗೆ ಕೂತಿರಲಾಗಲಿಲ್ಲ. ಯಾರ ಸ್ಲೈಡು ನಿಂತರೂ ಎದ್ದು ಓಡುವ ಕಾಲುಗಳು ತಾವಾಗಿಯೇ ಎದ್ದವು. ವೇದಿಕೆಯಿಂದ ಪ್ರೊಜೆಕ್ಟರಿನ ಕಡೆಗೆ ಓಡುವಾಗ ಬೆಳಕಿಗೆ ಅಡ್ಡ ಬಂದರು. ಪರದೆಯ ಮೇಲೆ, ಎಡಗಡೆ ಕೂದಲು ಎದ್ದು ನಿಂತ ಅವರ ನೆರಳು ಇಷ್ಟೆತ್ತರ ಬೆಳೆದು ಕರೀ ಚೌಕವನ್ನು ದಾಟಿತು. ಅದೇ ಕ್ಷಣದಲ್ಲಿ ಯಾರೋ ಫೋಟೊ ತೆಗೆದರು.

ಅವರು ಮೇಜು ಮುಟ್ಟುವ ಮೊದಲೇ ಅಕ್ಕ ಗಾಬರಿಯಿಂದ ಇನ್ನೊಮ್ಮೆ ಒತ್ತಿದಳು. ಸೂರ್ಯ ಮುಳುಗಿದ. ಸಭೆಗೆ ಸೂರ್ಯಾಸ್ತದ ಗುರುತು ಚೆನ್ನಾಗಿತ್ತು: ಅದು ಬಂದರೆ ಚಪ್ಪಾಳೆ ತಟ್ಟಬೇಕು, ಚಹಾಕ್ಕೆ ಏಳಬೇಕು. ಎಲ್ಲರೂ ತಟ್ಟಿ ಎದ್ದರು. ಮೇಷ್ಟ್ರು ಜೇಬಿನ ಫೋನು ಹಿಡಿದುಕೊಂಡು ಖಾಲಿಯಾಗುತ್ತಿರುವ ಕುರ್ಚಿಗಳ ನಡುವೆ ನಿಂತರು.

"ಇನ್ನೊಂದ್ಸಲ ಹಾಕ್ಲಾ ಮೇಷ್ಟ್ರೇ?" ಅಕ್ಕ ಕೀಲಿಯಿಂದ ಕೈ ತೆಗೆದು ಕೇಳಿದಳು.

"ಬೇಡಮ್ಮ. ಪ್ರೊಜೆಕ್ಟರಿನ ದೀಪ ತಣ್ಣಗಾಗ್ಲಿ. ಆಮೇಲೆ ವೈರು ತೆಗಿ."

ದಾರಿಯುದ್ದಕ್ಕೂ ಕಚೇರಿ ಕೊಟ್ಟ ಗೋಡೆ ಗಡಿಯಾರ ಹೆಂಡತಿಯ ಮಡಿಲಲ್ಲಿ ಟಿಕ್ ಟಿಕ್ ಎನ್ನುತ್ತಿತ್ತು. ಮನೆಗೆ ಬಂದ ಮೇಲೆ ಮೇಷ್ಟ್ರು ಅಂಗಿ ಬದಲಿಸದೆ ಕುರ್ಚಿಯಲ್ಲಿ ಕೂತರು. ಆಕೆ ಅವರ ಜೇಬಿನಿಂದ ಫೋನು ತೆಗೆದುಕೊಂಡು, ಪಕ್ಕದಲ್ಲಿ ಕೂತು, ವೀಡಿಯೊ ಹಾಕಿದಳು. "ನನ್ನದು ಇದು. ಬರ್ತೀನಿ" ಎಂದಿತು ಫೋನು. "ಆಯ್ತಾ?" ಎಂದಿತು ಆಕೆಯ ದನಿ. ಆಕೆ ಮತ್ತೊಮ್ಮೆ ಹಾಕಿ, ಪೂರ್ತಿ ನೋಡಿ, ಫೋನನ್ನು ಮೇಜಿನ ಮೇಲಿಟ್ಟಳು.

"ಕೂದಲಿಗೆ ಸ್ವಲ್ಪ ನೀರು ಹಚ್ಕೋಬೇಕಿತ್ತು" ಎಂದು ಎದ್ದು ಒಳಗೆ ಹೋದಳು.

ಮೂರು ತಿಂಗಳ ನಂತರ ಒಂದು ಮಧ್ಯಾಹ್ನ ಟಪಾಲಿನ ಅಕ್ಕನ ಫೋನು ಬಂತು. ಕಾವಲಿನವನ ಬೀಳ್ಕೊಡುಗೆ ಆಯಿತಂತೆ. ಸ್ಲೈಡು ಅಕ್ಕನೇ ಮಾಡಿದಳಂತೆ.

"ನಿಮ್ಮ ಫೈಲನ್ನೇ ಮೂಲ ಪ್ರತಿ ಮಾಡ್ಕೊಂಡೆ ಮೇಷ್ಟ್ರೇ. ನಿಮ್ಮ ಫೋಟೊ ಎಲ್ಲ ತೆಗೆದು ಅವನದ್ದು ಹಾಕ್ದೆ. ಆ ನೆರಳಿಂದು ಮಾತ್ರ ತೆಗೀಲಿಲ್ಲ. ಅದು ಡಿಸೈನು ಅಂದ್ಕೊಂಡೆ. ಎಲ್ಲರಿಗೂ ಇಷ್ಟ ಆಯ್ತು, ಇನ್ಮೇಲೆ ಎಲ್ಲರದ್ರಲ್ಲೂ ಇರ್ಲಿ ಅಂದ್ರು. ಆಮೇಲೆ ಕೂದಲು ನೋಡಿ ಗೊತ್ತಾಯ್ತು... ತಪ್ಪಾಯ್ತಾ?"

ಮೇಷ್ಟ್ರು ಗೋಡೆಯ ಗಡಿಯಾರದ ಕಡೆ ನೋಡಿದರು.

"ಎಲ್ಲಿಂದ ಬರುತ್ತೆ ಅದು? ನಾನು ಕೆಳಗಿಂದ ಏರೋ ಹಾಗೆ ಕೊಟ್ಟಿದ್ದೆ."

"ಆ ಏರೋದೆಲ್ಲ ತೆಗೆದುಬಿಟ್ಟೆ ಮೇಷ್ಟ್ರೇ, ಹೊತ್ತು ಹಿಡಿಯುತ್ತೆ. ಅದು ಎಲ್ಲಿಂದ್ಲೂ ಬರಲ್ಲ. ಸ್ಲೈಡು ತೆರೆಯೋವಾಗ್ಲೇ ಅಲ್ಲಿರುತ್ತೆ."

"ಸರಿ," ಎಂದರು ಮೇಷ್ಟ್ರು. "ಫೋಲ್ಡರ್ ಸಮೇತ ಇಟ್ಕೊಂಡಿದ್ದೀಯ ತಾನೇ?"